ನಾನು ಹೇಳಿಕೊಂಡ ಹರಕೆ, ಮೈದುನನ ಬ್ರಹ್ಮಚರ್ಯ

ನನ್ನ ಮೈದುನನಷ್ಟು ಸತ್ಯವಂತ ಮನುಷ್ಯ ಡೊಂಬಿವಲಿಯಿಂದ ಕಲ್ಯಾಣದವರೆಗೆ ಹುಡುಕಿದರೂ ಸಿಗುವುದಿಲ್ಲ. ಸಿಗದಿರುವುದೇ ಒಳ್ಳೆಯದು ಬಿಡಿ. ಒಬ್ಬನಾದರೆ ಹೇಗೋ ನಡೆಯುತ್ತದೆ, ಒಂದೇ ರೈಲ್ವೆ ಲೈನಿನಲ್ಲಿ ಅಂಥವರು ಇಬ್ಬರಾದರೆ ಉಳಿದವರು ಬದುಕುವುದು ಹೇಗೆ?

ಆ ಸೋಮವಾರ ಬೆಳಿಗ್ಗೆ ನಾನು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಪತ್ರೊಡೆಗೆಂದು ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದೆ. ಆಟಿ ತಿಂಗಳು, ನಮ್ಮ ಕರಾವಳಿಯ ಆಷಾಢ, ಶುರುವಾಗಿ ಮೂರು ದಿನವಾಗಿತ್ತು. ಊರಿನಲ್ಲಾದರೆ ಹಿತ್ತಿಲಿಗೆ ಹೋದರೆ ಎಲೆ. ಇಲ್ಲಿ ಸ್ಟೇಷನ್ ಹೊರಗೆ ಕೂರುವ ಮುದುಕಿಯ ಹತ್ತಿರ ಕಟ್ಟು ಕೊಂಡುಕೊಂಡು, ತುರಿಸಿದರೆ ತುರಿಸಲಿ ಎಂದು ದೇವರ ಮೇಲೆ ಭಾರ ಹಾಕಬೇಕು. ತುರಿಸುತ್ತಲೂ ಇತ್ತು. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಮೊಣಕೈಯಿಂದ ಒತ್ತಿದೆ. ನನ್ನ ಓರಗಿತ್ತಿಯ, ಅಂದರೆ ಈ ಮೈದುನನ ಹೆಂಡತಿಯ ದನಿ.

"ಅಕ್ಕಾ, ಮೈ ಮಮ್ಮೀ ಕೇ ಘರ್ ಜಾ ರಹೀ ಹೂಂ. ಬಾಕೀ ಆಪ್ ಸಮಝ್ ಲೋ."

ತಾಯಿಮನೆಗೆ ಹೋಗುತ್ತಿದ್ದೇನೆ, ಉಳಿದದ್ದು ನೀವೇ ಅರ್ಥ ಮಾಡಿಕೊಳ್ಳಿ. ಅವಳು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಹುಟ್ಟಿ ಬೆಳೆದ ಉಡುಪಿ ಕಡೆಯ ಹುಡುಗಿ. ನಾವು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು, ಹೀಗೇ ನಮ್ಮ ಸಂಸಾರ ನಡೆದಿತ್ತು. ಬೆಳಿಗ್ಗೆ ಬೇಲಾಪುರದ ಆಫೀಸಿಗೆಂದು ಹೊರಟಾಗ ಹೆಗಲಿಗೆ ದೊಡ್ಡ ಬ್ಯಾಗು ಹಾಕಿದ್ದಳು. ಮಳೆಗಾಲ, ಒದ್ದೆಯಾದರೆ ಇರಲಿ ಎಂದು ಒಂದು ಜೊತೆ ಬಟ್ಟೆ ಇಟ್ಟುಕೊಂಡಿದ್ದಾಳೆ, ಜಾಣೆ ಎಂದು ಮನಸ್ಸಿನಲ್ಲೇ ಹೊಗಳಿದ್ದೆ. ಇಟ್ಟುಕೊಂಡದ್ದು ಎಲ್ಲ ಬಟ್ಟೆಯನ್ನೂ!

ಮದುವೆಯಾಗಿ ಐದೇ ತಿಂಗಳು. ಆದರೂ ದೇವರು ದೊಡ್ಡವನು. ಹೋದದ್ದಾದರೂ ಆಟಿಯಲ್ಲಿ ಹೋದಳು. ನಮ್ಮ ಕಡೆ ಹೊಸ ಮದುಮಗಳು ಮೊದಲ ಆಟಿಗೆ ತಾಯಿಮನೆಯಲ್ಲಿ ಇರುವ ಪದ್ಧತಿ ಉಂಟು. ಬೊಂಬಾಯಿಗೆ ಬಂದ ಮೇಲೆ ಯಾರು ಇದನ್ನೆಲ್ಲ ನಡೆಸುತ್ತಾರೆ? ಆದರೆ ಕೇಳಿದವರಿಗೆ ಹೇಳಲು ಒಂದು ಮಾತು ಬೇಕಲ್ಲ. ಪಕ್ಕದ ಮನೆಯ ಮರಾಠಿ ಕಾಕು "ಸೂನ್‌ಬಾಯಿ ಎಲ್ಲಿ ಹೊರಟಳು, ಇಷ್ಟು ದೊಡ್ಡ ಬ್ಯಾಗು?" ಎಂದು ಬಾಗಿಲಲ್ಲಿ ನಿಂತಾಗ ನಾನು ಎಲೆಯಿಂದ ತಲೆಯೆತ್ತದೆ "ಆಟಿಗೆ" ಎಂದೆ. ಒಂದು ತಿಂಗಳ ಮಟ್ಟಿಗೆ ಮಾನ ಉಳಿಯಿತು. ಆಟಿ ಮುಗಿದು ಸೋಣ ಬಂದ ಮೇಲೂ ಅವಳು ಬಾರದಿದ್ದರೆ? ಆಗ ಹೇಳಲು ಪಂಚಾಂಗದಲ್ಲಿ ಏನೂ ಇಲ್ಲ.

ಇದಕ್ಕೆಲ್ಲ ಕಾರಣ ನನ್ನ ನಾಲಿಗೆ. ಅದನ್ನು ಹೇಳುವ ಮೊದಲು ನನ್ನ ಮೈದುನ ಎಂಥ ಪ್ರಾಣಿ ಎಂಬುದನ್ನು ಹೇಳಬೇಕು.

ನಾನು ಮದುವೆಯಾಗಿ ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷ. ಬಂದ ಮರುವರ್ಷವೇ ಅತ್ತೆ ತೀರಿಕೊಂಡರು, ಹದಿನಾಲ್ಕು ವರ್ಷದ ಈ ಹುಡುಗ ಒಂದು ಚೀಲ ಹಿಡಿದುಕೊಂಡು ನಮ್ಮ ಒಂದು ಬೆಡ್‌ರೂಮಿನ ಮನೆಗೆ ಬಂದ. ಅಂದಿನಿಂದ ನನ್ನ ಕೈಯ ಅನ್ನ ತಿಂದೇ ಬೆಳೆದವನು. ಈಗ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಕೆಲಸ. ಲಾರಿಯನ್ನು ಸರಕಿನ ಸಮೇತ ತೂಗುವ ದೊಡ್ಡ ತಕ್ಕಡಿ ಇರುತ್ತದಲ್ಲ, ಇಲ್ಲಿಯವರು ಕಾಂಟಾ ಎನ್ನುತ್ತಾರೆ, ಅದರ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತು ತೂಕದ ಚೀಟಿ ಕೊಡುವುದು. ಲಾರಿ ಡ್ರೈವರುಗಳು ಅವನಿಗೆ ಚಹಾ ಕುಡಿಸಿ ನೋಡಿದರು, ಗದರಿಸಿ ನೋಡಿದರು. ಮುಳ್ಳು ತೋರಿಸಿದ್ದಕ್ಕಿಂತ ಒಂದು ಕಿಲೋ ಆಚೆ ಇಲ್ಲ, ಈಚೆ ಇಲ್ಲ. ಈಗ ಯಾರೂ ಚಹಾ ಕುಡಿಸುವುದಿಲ್ಲ.

ಕಾಂಟಾದಲ್ಲಿ ಹಾಗಿದ್ದರೆ ಒಳ್ಳೆಯದೇ. ಮನೆಯಲ್ಲೂ ಹಾಗೇ ಆದರೆ? ಡಾಕ್ಟರು ಒಮ್ಮೆ ಅವನಿಗೆ ದಿನಾ ಅರ್ಧ ಗಂಟೆ ನಡೆಯಬೇಕು ಎಂದರು. ಮರುದಿನ ಮನೆಯಿಂದ ಹೊರಟವನು ಮೂಗಿನ ನೇರಕ್ಕೆ ಅರ್ಧ ಗಂಟೆ ನಡೆದು ಊರಾಚೆಯ ಒಂದು ಪೆಟ್ರೋಲ್ ಪಂಪು ಮುಟ್ಟಿದ. ಅರ್ಧ ಗಂಟೆ ಮುಗಿಯಿತಲ್ಲ, ಅಲ್ಲಿಂದ ರಿಕ್ಷಾ ಮಾಡಿಕೊಂಡು ಬಂದ! "ಹಿಂದೆ ನಡ್ಕೊಂಡು ಬಂದಿದ್ರೆ ಒಂದು ಗಂಟೆ ಆಗ್ತಿತ್ತು ಅತ್ತಿಗೆ, ಡಾಕ್ಟ್ರು ಅರ್ಧ ಗಂಟೆ ಹೇಳಿದ್ದು." ಇಂಥವನಿಗೆ ಏನು ಹೇಳುತ್ತೀರಿ? ಹೇಳಿದರೆ ಅದನ್ನೂ ಹಾಗೇ ಮಾಡುತ್ತಾನೆ.

ಹೆಣ್ಣು ನೋಡಲು ಹೋದಾಗಿನ ಕಥೆಗಳನ್ನಂತೂ ನಾನು ದೇವರ ಮುಂದೆ ಕೂತು ಅಳುತ್ತಾ ನೆನೆದದ್ದುಂಟು. ಹತ್ತು ವರ್ಷ ಕಾಂಟಾದ ಪಕ್ಕ ಕೂತು ಅವನಿಗೆ ಒಂದು ವಿದ್ಯೆ ಬಂದಿತ್ತು. ಯಾವ ವಸ್ತುವನ್ನಾದರೂ ನೋಡಿದ ಕೂಡಲೇ ತೂಕ ಹೇಳುವುದು. ಐರೋಲಿಯಲ್ಲಿ ಒಂದು ಹುಡುಗಿ ತಟ್ಟೆ ಹಿಡಿದು ಬಂದಳು. ನಾನು ಅವನ ಕಾಲು ತುಳಿಯುವುದರೊಳಗೆ, ಅವಳು ಕೇಳಿದಳೆಂದು, ಅವಳ ತೂಕ ಹೇಳಿಯೇಬಿಟ್ಟ. ಕೇಳಿದ್ದು ಅವಳು ಸುಮ್ಮನೆ ತಮಾಷೆಗೆ, "ನನ್ನನ್ನು ನೋಡಿ ಏನನ್ನಿಸಿತು" ಎಂದು. "ಅರುವತ್ತೆಂಟು" ಎಂದು ಉತ್ತರ. ಸಂಬಂಧ ಮುರಿದು ಹೊರಗೆ ಬರುವಾಗ ಹುಡುಗಿಯ ತಮ್ಮ ನಮ್ಮ ಹಿಂದೆಯೇ ಮೆಟ್ಟಿಲಿಳಿದು ಬಂದು ಮೆಲ್ಲಗೆ, ಲೆಕ್ಕ ಸರಿಯಾಗಿದೆ ಅಂದ. ಏನು ಪ್ರಯೋಜನ?

ಹೀಗೆ ಮೂವತ್ತೆರಡಾಯಿತು. ಯಾರೂ ಒಪ್ಪಲಿಲ್ಲ. ಆ ಮಳೆಗಾಲದಲ್ಲಿ ಅವನಿಗೆ ಡೆಂಗ್ಯೂ ಬಂತು. ಕಲ್ಯಾಣದ ಆಸ್ಪತ್ರೆಯಲ್ಲಿ ಐಸಿಯುನಲ್ಲಿ ಮಲಗಿಸಿದರು. ರಕ್ತದಲ್ಲಿ ಇರಬೇಕಾದದ್ದು ಇಳಿಯುತ್ತಲೇ ಇದೆ, ದೇವರನ್ನು ನೆನೆಯಿರಿ ಎಂದರು. ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಾಜಿನ ಬಾಗಿಲ ಹೊರಗೆ ನಿಂತು ಊರಿನ ಗಣಪತಿಗೆ ಹರಕೆ ಹೇಳಿಕೊಂಡೆ. ಇವನನ್ನು ಉಳಿಸಿ ಕೊಡು, ನಿನಗೆ ಅಪ್ಪದ ಸೇವೆ ಮಾಡಿಸುತ್ತೇನೆ. ಅಷ್ಟು ಸಾಕಿತ್ತು. ಹೆಂಗಸರ ಬಾಯಿ, ಭಯದಲ್ಲಿ ಎಲ್ಲಿ ನಿಲ್ಲುತ್ತದೆ? ಇನ್ನೂ ಏನಾದರೂ ಕಠಿಣವಾದದ್ದು ಸೇರಿಸಬೇಕು ಎನ್ನಿಸಿತು. ಆದರೆ ಕಠಿಣವಾದದ್ದನ್ನು ನಡೆಸುವುದೂ ಕಠಿಣ. ಹಾಗಾಗಿ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಯೋಚಿಸಿಯೇ ಹೇಳಿದೆ: "ಇವನು ಒಂದು ವರ್ಷ ನಿನ್ನ ಹಾಗೆಯೇ ಬ್ರಹ್ಮಚರ್ಯದಲ್ಲಿ ಇರುತ್ತಾನೆ ಸ್ವಾಮಿ."

ನಮ್ಮ ಕಡೆಯ ಗಣಪತಿ ಬ್ರಹ್ಮಚಾರಿ, ಅವನಿಗೆ ಇದಕ್ಕಿಂತ ಪ್ರೀತಿಯದು ಯಾವುದು? ಇವನಿಗಂತೂ ಹೇಗೂ ಹೆಣ್ಣು ಸಿಗುತ್ತಿಲ್ಲ. ತಾನಾಗಿಯೇ ತೀರುವ ಹರಕೆ. ದೇವರಿಗೂ ಸಂತೋಷ, ನಮಗೂ ತೊಂದರೆಯಿಲ್ಲ.

ಹುಡುಗ ಉಳಿದ. ಅಪ್ಪದ ಸೇವೆಯನ್ನು ಊರಿನಲ್ಲಿರುವ ನನ್ನ ಅಣ್ಣನ ಕೈಯಲ್ಲಿ ಮಾಡಿಸಿದೆ. ಬ್ರಹ್ಮಚರ್ಯ ಅದರ ಪಾಡಿಗೆ ನಡೆಯಿತು. ಒಂದು ವರ್ಷವಲ್ಲ, ಎರಡೂವರೆ ವರ್ಷ ನಡೆಯಿತು. ಅವನಿಗೆ ಈ ವಿಷಯ ಹೇಳುವ ಅಗತ್ಯವೇ ನನಗೆ ಕಾಣಲಿಲ್ಲ. ಉಸಿರಾಡು ಎಂದು ಯಾರಿಗಾದರೂ ಹೇಳುತ್ತೇವೆಯೇ?

ಆಮೇಲೆ ಈ ಹುಡುಗಿ ಸಿಕ್ಕಿದಳು. ಠಾಣೆಯ ಒಂದು ಹೋಟೆಲಿನಲ್ಲಿ ಭೇಟಿ. ಇವನು ಎಂದಿನಂತೆ ಕಣ್ಣಲ್ಲೇ ತೂಗಿ, ಕೇಳಿದ್ದಕ್ಕೆ "ಐವತ್ತೇಳು" ಎಂದ. ನಾನು ಕಣ್ಣು ಮುಚ್ಚಿಕೊಂಡೆ. ಅವಳು ಚಹಾದ ಲೋಟ ಕೆಳಗಿಟ್ಟು, ಬಹಳ ಗಂಭೀರವಾಗಿ "ಚಪ್ಪಲ್ ಕೇ ಸಾಥ್ ಯಾ ಬಿನಾ?" ಎಂದು ಕೇಳಿದಳು. ಚಪ್ಪಲಿ ಸೇರಿಸಿಯೋ ಸೇರಿಸದೆಯೋ! ಇವನು ಬಗ್ಗಿ ಮೇಜಿನ ಕೆಳಗೆ ಅವಳ ಚಪ್ಪಲಿ ನೋಡಿ, ಇನ್ನೂರೈವತ್ತು ಗ್ರಾಂ ಕಳೆದ. ಅವಳು ನಕ್ಕಳು. ನಾನು ಆ ಹೋಟೆಲಿನಲ್ಲೇ ಮನಸ್ಸಿನಲ್ಲಿ ಕೈಮುಗಿದೆ. ಲೋಕದಲ್ಲಿ ಇವನಿಗೆಂದು ದೇವರು ಒಬ್ಬಳನ್ನು ಮಾಡಿಟ್ಟಿದ್ದ, ಅವಳು ವಾಗ್ಳೆ ಎಸ್ಟೇಟಿನಲ್ಲಿದ್ದಳು, ಅಷ್ಟೆ.

ಮದುವೆಯಾಯಿತು. ಮರುದಿನ ಮಧ್ಯಾಹ್ನ. ಬೆಡ್‌ರೂಮನ್ನು ಅವರಿಗೆ ಬಿಟ್ಟುಕೊಟ್ಟು ನಮ್ಮ ಹಾಸಿಗೆಗಳನ್ನೆಲ್ಲ ಹಾಲಿಗೆ ಸಾಗಿಸಿಯಾಗಿತ್ತು. ನಾನು ಅಡುಗೆಮನೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದೆ. ಮೈದುನ ನೀರು ಕುಡಿಯಲು ಬಂದ. ಸಂತೋಷ ಹೆಚ್ಚಾದರೆ ನನ್ನ ಬಾಯಿಗೆ ಬೀಗ ಇರುವುದಿಲ್ಲ. ಹೀಗೆ ಹೀಗೆ, ನಿನ್ನ ಹೆಸರಲ್ಲಿ ಒಂದು ಹರಕೆ ಇತ್ತು ಮಾರಾಯ, ಅದು ನಿನಗೂ ಗೊತ್ತಾಗದೆ ತೀರಿಯೇ ಹೋಯಿತು ನೋಡು ಎಂದು ನಗುತ್ತಾ ಹೇಳಿಬಿಟ್ಟೆ.

ಅವನು ಲೋಟ ಕೆಳಗಿಟ್ಟ.

"ನನಗೆ ಗೊತ್ತೇ ಇರ್ಲಿಲ್ವಲ್ಲ ಅತ್ತಿಗೆ."

"ಗೊತ್ತಿಲ್ದಿದ್ರೆ ಎಂತಾಯ್ತು? ಇದ್ದೆಯಲ್ಲ."

"ಲಾರಿ ಕಾಂಟಾ ಹತ್ಲೇ ಇಲ್ಲ. ಪಕ್ಕದ ರೋಡಲ್ಲಿ ಹೋಯ್ತು. ಅದಕ್ಕೆ ತೂಕದ ಚೀಟಿ ಕೊಡ್ಲಿಕ್ಕೆ ಆಗ್ತದಾ?"

ನನ್ನ ಕೈಯಲ್ಲಿದ್ದ ದಾರ ತುಂಡಾಯಿತು. ಇವನ ಲೆಕ್ಕದಲ್ಲಿ, ಹೆಣ್ಣು ಸಿಗದೆ ಸುಮ್ಮನಿದ್ದದ್ದು ವ್ರತವಲ್ಲ. ವ್ರತವೆಂದರೆ ತಿಳಿದು ಹಿಡಿಯಬೇಕು, ಬಿಡಲು ಏನಾದರೂ ಇರಬೇಕು. ಈಗ ಇದೆ. ಹಾಗಾಗಿ ವರ್ಷ ಇವತ್ತಿನಿಂದ ಶುರು!

ನಾನು ಅತ್ತು ಕರೆದು ಮಾಡಿದೆ, ಕೊನೆಗೆ ಊರಿನ ಭಟ್ಟರಿಗೆ ಫೋನು ಹಚ್ಚಿ ಅವನ ಕಿವಿಗೆ ಒತ್ತಿದೆ. ಭಟ್ಟರು ಒಳ್ಳೆಯವರು. ಹರಕೆ ನಡೆಸಲಾಗದಿದ್ದರೆ ತಪ್ಪುಕಾಣಿಕೆ ಹಾಕಿ ಕ್ಷಮೆ ಕೇಳುವ ದಾರಿ ಇದೆ, ದೇವರು ಕರುಣಾಮಯಿ ಎಂದರು. ಇವನು ಎಲ್ಲ ಕೇಳಿ, ಬಹಳ ಮರ್ಯಾದೆಯಿಂದ ಒಂದೇ ಮಾತು ಕೇಳಿದ.

"ಭಟ್ರೇ, ದೇವರು ನನ್ನನ್ನು ಅರ್ಧ ಬದುಕಿಸಿ, ಉಳಿದದ್ದಕ್ಕೆ ತಪ್ಪುಕಾಣಿಕೆ ಹಾಕಿದ್ನಾ?"

ಭಟ್ಟರ ಫೋನಿನಲ್ಲಿ ಸಿಗ್ನಲ್ ಹೋಯಿತು. ಅಥವಾ ಅವರೇ ಹೋದರೋ.

ನನ್ನ ಗಂಡ ಕಡಿಮೆ ಮಾತಿನವರು. ಸಂಜೆ ಎಲ್ಲ ಕೇಳಿ, ಗೋಡೆಯ ಮೇಲಿನ ದೇವರ ಪಟ ನೋಡಿ, ನನ್ನನ್ನು ನೋಡಿ, "ಭಾಜಿಯವನ ಹತ್ರ ಸಾಲದು ಅಂತ ದೇವರ ಹತ್ರವೂ ಚೌಕಾಸಿಯಾ?" ಎಂದರು. ಐದು ತಿಂಗಳಿಂದ ಅವರು ಈ ವಿಷಯದಲ್ಲಿ ಆಡಿದ್ದು ಅಷ್ಟೇ. ನನಗೆ ಅದೂ ಬೇಡವಿತ್ತು.

ಹೆಂಡತಿಗೆ ಅವನೇ ಹೇಳಿದ. ಏನು ಹೇಳಿದ, ಹೇಗೆ ಹೇಳಿದ, ನಾನು ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು? ಹರಕೆ ಹೇಳಿಕೊಂಡವಳು ನಾನೆಂದು ತಿಳಿದ ಮೇಲೆ ಅವಳು ನನ್ನ ಮುಖ ನೋಡುವುದಿಲ್ಲ ಎಂದುಕೊಂಡಿದ್ದೆ. ಅವಳು ಮರುದಿನ ಬೆಳಿಗ್ಗೆ ಎಂದಿನಂತೆ "ಅಕ್ಕಾ, ಚಾಯ್" ಎಂದಳು. ಎಂಥ ದೊಡ್ಡ ಮನಸ್ಸಿನ ಹುಡುಗಿ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ನಮ್ಮ ಮನೆಯಲ್ಲಿ ಜಾಗದ ಲೆಕ್ಕ ತಲೆಕೆಳಗಾಯಿತು. ಮದುಮಗಳಿಗೆ ಬೆಡ್‌ರೂಮು. ಅವಳಿಗೆ ಜೊತೆಯಾಗಿ ನನ್ನ ಕಾಲೇಜು ಓದುವ ಮಗಳು. ಹಾಲಿನಲ್ಲಿ ನಾನು, ನನ್ನ ಗಂಡ. ಮದುಮಗ ಗ್ಯಾಲರಿಯಲ್ಲಿ, ಒಣಹಾಕಿದ ಬಟ್ಟೆಗಳ ಕೆಳಗೆ, ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ. ಮಳೆಗಾಲ ಬಂದ ಮೇಲೆ ಛತ್ರಿ ಹಿಡಿದುಕೊಂಡು. ಒಳಗೆ ಬಾರೋ ಎಂದರೆ, ನನ್ನ ಗಂಡನ ಗೊರಕೆಯಲ್ಲಿ ವ್ರತಭಂಗವಾಗದಿದ್ದರೂ ನಿದ್ರಾಭಂಗವಾಗುತ್ತದೆ ಎಂದ.

ಆದರೆ ಒಂದು ಮಾತು ಹೇಳಬೇಕು. ಬ್ರಹ್ಮಚರ್ಯ ಹಿಡಿದ ಮೇಲೆ ಅವನು ಹೆಂಡತಿಯನ್ನು ನೋಡಿಕೊಂಡ ಹಾಗೆ ಸಂಸಾರ ಹಿಡಿದವರು ಯಾರೂ ನೋಡಿಕೊಳ್ಳುವುದಿಲ್ಲ. ಬೆಳಿಗ್ಗೆ ಅವಳ ಜೊತೆ ಡೊಂಬಿವಲಿ ಸ್ಟೇಷನ್ನಿಗೆ ಹೋಗುತ್ತಿದ್ದ, ಒಂದು ಮಾರು ದೂರದಲ್ಲಿ. ಅವಳ ಟಿಫಿನ್ ಇವನ ಕೈಯಲ್ಲಿ. ಲೇಡೀಸ್ ಡಬ್ಬ ಬರುವ ಜಾಗದಲ್ಲಿ ಟಿಫಿನ್ನನ್ನು ಬೆಂಚಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ, ಬೆರಳಿಗೆ ಬೆರಳು ತಾಗಬಾರದೆಂದು. ಅವಳು ಎತ್ತಿಕೊಳ್ಳುತ್ತಿದ್ದಳು. ದಿನಾ ನೋಡುವ ಹೆಂಗಸರು ಇವರಿಬ್ಬರಿಗೆ ಜಗಳವೆಂದುಕೊಂಡು ರಾಜಿ ಮಾಡಿಸಲು ಬಂದರಂತೆ. ಸಂಜೆ ಒಂದು ದಾಳಿಂಬೆ ಬಿಡಿಸಿ, ಬಿಳಿ ಸಿಪ್ಪೆ ಒಂದೂ ಇಲ್ಲದ ಹಾಗೆ ಕಾಳು ಆರಿಸಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅವಳ ಬಾಗಿಲ ಮುಂದೆ ಇಡುತ್ತಿದ್ದ. ನನ್ನ ಗಂಡ ಇಪ್ಪತ್ತೆರಡು ವರ್ಷದಲ್ಲಿ ನನಗೊಂದು ಬಾಳೆಹಣ್ಣು ಸುಲಿದು ಕೊಟ್ಟಿಲ್ಲ. ಅವರು ಬ್ರಹ್ಮಚಾರಿಯೂ ಅಲ್ಲ!

ಹೀಗೆ ಐದು ತಿಂಗಳು ಕಳೆಯಿತು. ಹುಡುಗಿ ಮೊದಲು ನಗುತ್ತಿದ್ದಳು. ಆಮೇಲೆ ಸುಮ್ಮನಾದಳು. ದಾಳಿಂಬೆ ಡಬ್ಬಿ ಬೆಳಿಗ್ಗೆ ಬಾಗಿಲ ಮುಂದೆಯೇ ಇರುವುದು ಶುರುವಾಯಿತು. ಪಕ್ಕದ ಕಾಕುವಿಗೆ ಗಣಪತಿಯ ಹರಕೆ ಎಂಬಷ್ಟು ಸುಳಿವು ಹೇಗೋ ಸಿಕ್ಕಿತ್ತು. ಅವಳು ನನಗೇ ಬುದ್ಧಿ ಹೇಳಿದಳು: "ನಿಮ್ಮ ಕಡೆಯ ಗಣಪತಿ ಬ್ರಹ್ಮಚಾರಿ, ಅದಕ್ಕೇ ಈ ಕಷ್ಟ. ನಮ್ಮವನಿಗೆ ರಿದ್ಧಿ, ಸಿದ್ಧಿ ಇಬ್ಬರು ಹೆಂಡಿರು. ಹರಕೆ ಇಲ್ಲಿ ಹೇಳಬೇಕಿತ್ತು." ಇಪ್ಪತ್ತೆರಡು ವರ್ಷ ಈ ಮಣ್ಣಿನ ನೀರು ಕುಡಿದೂ ನನಗೆ ಅದು ಹೊಳೆಯಲಿಲ್ಲವಲ್ಲ!

ಇನ್ನು ಸಿನಿಮಾದ ಕಥೆ. ಅದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಹೇಳದಿದ್ದರೆ ಅವಳು ಹೋದದ್ದೇಕೆಂದು ತಿಳಿಯುವುದಿಲ್ಲ.

ಓರಗಿತ್ತಿಯ ಮನಸ್ಸಿಗೆ ಸ್ವಲ್ಪ ಸಮಾಧಾನವಾಗುವಂಥ ಏನಾದರೂ ನೋಡಲು ಸಿಗುತ್ತದಾ ಎಂದು ಮಗಳನ್ನು ಕೇಳಿದ್ದೆ. ಅವಳು ಒಂದು ಹಿಂದಿ ಸಿನಿಮಾ ಇದೆ ಎಂದಳು. ಹುಡುಗನೊಬ್ಬ ವ್ರತ ಹಿಡಿಯುತ್ತಾನೆ, ಲೋಕವೆಲ್ಲ ಸೇರಿ ಅವನ ವ್ರತ ಕೆಡಿಸಲು ನೋಡುತ್ತದೆ, ಅವನು ಜಗ್ಗುವುದಿಲ್ಲ, ಎಂದಳು. ನನ್ನ ಕಣ್ಣಮುಂದೆ ವಿಶ್ವಾಮಿತ್ರ, ಮೇನಕೆ, ಹೋಮದ ಹೊಗೆ ಎಲ್ಲ ಬಂತು. ಹೇಳುವಾಗ ಅವಳು ತುಟಿ ಕಚ್ಚಿಕೊಂಡದ್ದು ನನಗೆ ಹೊಳೆದದ್ದು ಆಮೇಲೆ. ಪುಣ್ಯಕಥೆ ಒಬ್ಬಳೇ ನೋಡಬಾರದೆಂದು ಭಾನುವಾರ ಮಧ್ಯಾಹ್ನಕ್ಕೆ ಕಾಕುವನ್ನೂ ನಮ್ಮ ಭಜನಾ ಮಂಡಳಿಯ ಇಬ್ಬರನ್ನೂ ಕರೆದೆ. ಸಿಹಿ ಅವಲಕ್ಕಿ ಮಾಡಿದೆ. ಟೀವಿಯ ಮುಂದೆ ಊದುಬತ್ತಿ ಹಚ್ಚಿದೆ.

ಸಿನಿಮಾ ಶುರುವಾಗಿ ಐದು ನಿಮಿಷಕ್ಕೆ ನನಗೆ ಊದುಬತ್ತಿ ಆರಿಸಬೇಕೆನ್ನಿಸಿತು. ಹತ್ತು ನಿಮಿಷಕ್ಕೆ ಟೀವಿಯನ್ನೇ. ಹುಡುಗ ಗೆಳೆಯರ ಜೊತೆ ಪಂದ್ಯ ಕಟ್ಟಿದ್ದ, ನೂರು ದಿನ ಹೆಣ್ಣಿನ ಸಹವಾಸ ಬಿಡುತ್ತೇನೆಂದು. ಅದಕ್ಕೆ ಮೊದಲು ಅವನು ಮಾಡುತ್ತಿದ್ದದ್ದನ್ನು ಮೊದಲೇ ವಿವರವಾಗಿ ತೋರಿಸಿದರು, ನಮಗೆ ಸಂಶಯ ಉಳಿಯಬಾರದೆಂದು. ನಾನು ರಿಮೋಟಿಗೆ ಕೈ ಹಾಕಿದೆ. ಭಜನಾ ಮಂಡಳಿಯವರು ಸೆರಗು ಮುಖಕ್ಕೆ ಒತ್ತಿಕೊಂಡಿದ್ದರು, ಕಣ್ಣು ಮಾತ್ರ ಹೊರಗೆ. ಕಾಕು ನನ್ನ ಕೈ ಹಿಡಿದು, "ಥಾಂಬಾ ಹೋ, ತಡೆಯಿರಿ, ಕೊನೆಗೆ ಏನಾಗುತ್ತದೋ ನೋಡೋಣ" ಎಂದಳು. ಅವಲಕ್ಕಿ ಖಾಲಿಯಾಯಿತು.

ಮೈದುನ ಮಧ್ಯೆ ಒಮ್ಮೆ ಗ್ಯಾಲರಿಯಿಂದ ಬಂದು, ಬಾಗಿಲಲ್ಲಿ ನಿಂತು ಐದು ನಿಮಿಷ ನೋಡಿದ. "ಇವನದ್ದು ಪಂದ್ಯ ಅತ್ತಿಗೆ. ಸೋತ್ರೆ ಗೆಳೆಯರು ನಗ್ತಾರೆ, ಅಷ್ಟೇ" ಎಂದು ತಿರುಗಿ ಹೋದ.

ಸಿನಿಮಾದಲ್ಲಿ ಹುಡುಗನಿಗೆ ಪಂದ್ಯದ ನಡುವೆ ಒಬ್ಬಳು ಹುಡುಗಿ ಸಿಗುತ್ತಾಳೆ. ಇವನಿಗೆ ಅವಳು ಬೇಕು, ಪಂದ್ಯವೂ ಬೇಕು. ಒಂದು ಬಸ್‌ಸ್ಟಾಪಿನಲ್ಲಿ ಎಲ್ಲ ಹೇಳಿ, ನಾಚಿಕೊಂಡು, ಇಷ್ಟು ದಿನ ಉಳಿದಿದೆ, ನನಗಾಗಿ ಕಾಯುತ್ತೀಯಾ ಎಂದು ಕೇಳುತ್ತಾನೆ. ಭಜನಾ ಮಂಡಳಿ ಉಸಿರು ಹಿಡಿದು ಕೂತಿತ್ತು. ಆಗ ನನ್ನ ಓರಗಿತ್ತಿ ಎದ್ದಳು.

"ಇಸ್ ಲಡ್ಕೀ ಕೋ ಕಮ್ ಸೇ ಕಮ್ ಪೂಛಾ ತೋ" ಎಂದಳು.

ಈ ಹುಡುಗಿಯನ್ನು ಕೊನೇಪಕ್ಷ ಕೇಳಿದರಲ್ಲ. ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಸಿನಿಮಾದಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ, ಕಾಕು ಎರಡು ಸಲ ಹೇಳಿದರೂ ತಲೆಗೆ ಹೋಗಲಿಲ್ಲ. ನಾನು ದೇವರನ್ನು ಕೇಳಿದೆ, ಭಟ್ಟರನ್ನು ಕೇಳಿದೆ. ಅವಳನ್ನು ಯಾರು ಕೇಳಿದರು?

ಮರುದಿನ ಸೋಮವಾರ. ದೊಡ್ಡ ಬ್ಯಾಗು.

ಕೆಸುವಿನ ಎಲೆಗಳನ್ನು ಹಾಗೇ ಮುಚ್ಚಿಟ್ಟು, ಸೀರೆ ಬದಲಿಸಿ, ಮಧ್ಯಾಹ್ನದ ಲೋಕಲ್ ಹಿಡಿದು ಠಾಣೆಗೆ ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಮುಂಬ್ರಾ ದಾಟುವಾಗ ಎಲ್ಲ ಮರೆತುಹೋಯಿತು. ವಾಗ್ಳೆ ಎಸ್ಟೇಟಿನ ಅವರ ಚಾಳಿನ ಮೆಟ್ಟಿಲು ಹತ್ತುವಾಗ ಅವಳ ತಾಯಿಯ ದನಿ ಕೇಳಿಸಿತು. ನೆರೆಯವಳೊಬ್ಬಳಿಗೆ ಗಟ್ಟಿಯಾಗಿ ಹೇಳುತ್ತಿದ್ದರು, "ಆಟಿಗೆ ಕರ್ಸಿದ್ದು. ನಮ್ಮಲ್ಲಿ ಹಾಗೆ ಉಂಟು."

ಎರಡೂ ಮನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೇ ಸುಳ್ಳು ಹೇಳಿದ್ದೆವು. ಬೀಗತನವೆಂದರೆ ಇದೇ ಇರಬೇಕು.

ನೆರೆಯವಳು ಹೋಗುವವರೆಗೆ ಆ ತಾಯಿ ನಗುತ್ತಲೇ ಇದ್ದರು. ಹೋದ ಮೇಲೆ ಬಾಗಿಲು ಹಾಕಿ, ಚಹಾ ಕೊಟ್ಟು, ಎದುರಿಗೆ ಕೂತರು. ಹುಡುಗಿ ಆಫೀಸಿಗೆ ಹೋಗಿರಲಿಲ್ಲ. ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದಳು.

"ನಿಮ್ಮನ್ನು ದೂರುದಿಲ್ಲ ಅಕ್ಕ" ಎಂದರು ತಾಯಿ. "ನೀವು ಎಂತ ಮಾಡ್ತೀರಿ? ನಮ್ಮ ಅಳಿಯ ಅವರೇ ಹೇಳಿಕೊಂಡ ಹರಕೆ. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದ್ರಂತೆ, ಆಗ ನಾನೇ ಹೇಳಿಕೊಂಡದ್ದು ಅಂದ್ರು. ಮದುವೆಯಾದ ಹೊಸತರಲ್ಲಿ ಇಲ್ಲಿಗೆ ಬಂದಾಗ ನಾನು ಕೇಳಿದೆ, ನಳಿಗೆ ಹಾಕಿದವನಿಗೆ ಮದುವೆ ಮೇಲೆ ನೆನಪಾಗುದಾ ಅಂತ. ತಲೆ ಬಗ್ಗಿಸಿ ನಿಂತ್ರು."

ಒಂದು ಕಿಲೋ ಆಚೀಚೆ ಹೇಳದ ಮನುಷ್ಯ. ಲಾರಿಯವರು ಗದರಿಸಿದಾಗಲೂ ಹೇಳದ ಸುಳ್ಳನ್ನು ಈ ಮನೆಯ ನೆಲದ ಮೇಲೆ ತಲೆ ಬಗ್ಗಿಸಿ ನಿಂತು ಹೇಳಿದ್ದ. ಐದು ತಿಂಗಳು ಓರಗಿತ್ತಿ ನನಗೆ "ಅಕ್ಕಾ, ಚಾಯ್" ಎಂದದ್ದು ದೊಡ್ಡ ಮನಸ್ಸಿನಿಂದಲ್ಲ. ಅವಳಿಗೆ ಗೊತ್ತೇ ಇರಲಿಲ್ಲ.

ನಾನು ಲೋಟ ಕೆಳಗಿಟ್ಟೆ. ಬಾಯಿಪಾಠ ಮಾಡಿದ್ದು ಹೇಗೂ ಮರೆತಿತ್ತು.

"ಹರಕೆ ಹೇಳಿಕೊಂಡದ್ದು ನಾನು" ಎಂದೆ. ಎಲ್ಲವನ್ನೂ ಹೇಳಿದೆ. ಗಾಜಿನ ಬಾಗಿಲು, ಅಪ್ಪದ ಸೇವೆ, ಹೇಗೂ ಇವನಿಗೆ ಹೆಣ್ಣು ಸಿಗುವುದಿಲ್ಲ ಎಂದು ನಾನು ಮಾಡಿದ ಉಪಾಯ, ಭಟ್ಟರ 'ತಪ್ಪುಕಾಣಿಕೆ'. ಉಪಾಯದ ಮಾತು ಬಂದಾಗ ತಾಯಿಗೆ ನಗು ಬಂತು, ತಡೆದುಕೊಂಡರು. ಹುಡುಗಿ ನಗಲಿಲ್ಲ. ಫೋನು ತೆಗೆದು ಅವನಿಗೆ ಹಚ್ಚಿದಳು. ನಮಗೆಲ್ಲ ಕೇಳಿಸುವ ಹಾಗೆ ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟಳು. ಆ ಕಡೆಯಿಂದ ಲಾರಿಯ ಹಾರ್ನು ಕೇಳುತ್ತಿತ್ತು.

ಹರಕೆ ಅಕ್ಕನದೆಂದು ನನಗೆ ಯಾಕೆ ಹೇಳಲಿಲ್ಲ, ಎಂದು ಅವಳು ಹಿಂದಿಯಲ್ಲಿ ಕೇಳಿದಳು.

ಗೂಡಿನ ಬಾಗಿಲು ಹಾಕಿಕೊಂಡ ಸದ್ದು ಬಂತು.

"ನಿಂಗೆ ಅವರ ಮೇಲೆ ಕೋಪ ಬರ್ತಿತ್ತು" ಎಂದ. "ನನ್ನ ಮೇಲಾದ್ರೆ ಅಡ್ಡಿಲ್ಲ. ಅವರು ದಿನಾ ನಿನ್ನ ಒಟ್ಟಿಗೆ ಇರುವವರು."

ಹಾಗಾದರೆ ತಪ್ಪುಕಾಣಿಕೆ ಯಾಕೆ ಹಾಕಲಿಲ್ಲ, ಮುಗಿದುಹೋಗುತ್ತಿತ್ತಲ್ಲ, ಎಂದಳು.

"ಹರಕೆ ತಪ್ಪಿದ್ರೆ ಅದು ನನಗೆ ಬರುದಲ್ಲ. ಹೇಳಿಕೊಂಡವರಿಗೆ ಬರುದು. ಅಮ್ಮ ಹೇಳ್ತಿದ್ದದ್ದು. ಕಾಣಿಕೆ ಹಾಕಿದ್ರೆ ಸಾಕಾಗ್ತದೆ ಅಂತ ಭಟ್ರು ಹೇಳ್ತಾರೆ, ಸಾಕಾಗದಿದ್ರೆ? ನಾನು ಆ ಗಾಜಿನ ಒಳಗೆ ಇದ್ದಾಗ ಒಂದೊಂದು ಸಲ ಕಣ್ಣು ಬಿಡ್ತಿದ್ದೆ. ಮೂರು ದಿನ, ಯಾವಾಗ ಬಿಟ್ರೂ ಅತ್ತಿಗೆ ನಿಂತೇ ಇದ್ರು. ಒಂದು ಸಲವೂ ಕೂತದ್ದು ನೋಡ್ಲಿಲ್ಲ." ಅಲ್ಲಿ ಯಾರೋ ಅವನನ್ನು ಕೂಗಿದರು, ಇವನು ಏಕ್ ಮಿನಿಟ್ ಎಂದ. "ಅಮ್ಮ ಹೋದ ಮೇಲೆ ನನಗೆ ಅವರೊಬ್ರು. ಅವರಿಗೆ ಎಂತಾದ್ರೂ ಆದ್ರೆ, ನಾನು ಉಳಿದು ಎಂತ ಮಾಡುದು ಹೇಳು?"

ನಾನು ಗೋಡೆ ಕಡೆ ತಿರುಗಿದೆ. ಆ ಮನೆಯ ಕ್ಯಾಲೆಂಡರಿನಲ್ಲಿ ಯಾವ ದೇವರಿದ್ದನೋ ಕಾಣಿಸಲಿಲ್ಲ.

ಹುಡುಗಿ ಮೂಗೊರೆಸಿಕೊಂಡು, ಇನ್ನೆಷ್ಟು ದಿನ ಬಾಕಿ ಎಂದು ಕೇಳಿದಳು.

"ಇನ್ನೂರ ಹನ್ನೊಂದು." ಯೋಚಿಸಲೇ ಇಲ್ಲ.

ಇನ್ನೂರ ಹನ್ನೊಂದು! ನಾನು ಬೆರಳಿನಲ್ಲಿ ತಿಂಗಳು ಎಣಿಸಿದೆ. ಅವಳು ಎಣಿಸಲಿಲ್ಲ. ಇನ್ನು ಮುಂದೆ ದಿನ ಲೆಕ್ಕ ಹಾಕುವಾಗ ಇಬ್ಬರದ್ದೂ ಹಾಕು, ವ್ರತ ನನ್ನದೂ ಹೌದು, ಎಂದಳು. ಆಮೇಲೆ ತನ್ನ ತಾಯಿಯನ್ನೊಮ್ಮೆ ನೋಡಿ, ಫೋನಿಗೆ ಬಗ್ಗಿ, ಊರಿಗೆಲ್ಲ ಆಟಿ ಎಂದು ಹೇಳಿಯಾಗಿದೆಯಲ್ಲ, ಪದ್ಧತಿಯ ಪ್ರಕಾರವೇ ನನ್ನನ್ನು ಕರೆದುಕೊಂಡು ಹೋಗಲು ಬಾ, ಎಂದಳು.

"ಯಾವ ದಿನ ಬರ್ಬೇಕು?" ಎಂದು ಇವನು. "ಸಂಕ್ರಮಣದ ದಿನವಾ, ಮರುದಿನವಾ?"

ನಾನು ಹಣೆ ಬಡಿದುಕೊಂಡೆ. ಅವಳಿಗೆ ಐದು ತಿಂಗಳ ನಂತರ ನಗು ಬಂತು.

"ಜಿಸ್ ದಿನ್ ತುಮ್ಹಾರಾ ಮನ್ ಕರೇ."

ನಿನಗೆ ಯಾವ ದಿನ ಮನಸ್ಸಾಗುತ್ತದೋ ಆ ದಿನ. ಅಯ್ಯೋ, ಇದೆಂಥ ಶಿಕ್ಷೆ ಕೊಟ್ಟೆ ಮಗಳೇ ಎಂದುಕೊಂಡೆ. ಈ ಮನುಷ್ಯನಿಗೆ ಜೀವಮಾನದಲ್ಲಿ ಯಾರೂ ಹೀಗೆ ಹೇಳಿರಲಿಲ್ಲ. ಗಂಟೆ ಇಲ್ಲ, ತಾರೀಕಿಲ್ಲ, ತೂಕವಿಲ್ಲ. ಇವನು ಪಂಚಾಂಗ ಹುಡುಕುತ್ತಿರಬೇಕು ಎಂದುಕೊಂಡೆ.

"ಹಾಗಾದ್ರೆ ಇವತ್ತು" ಎಂದ.

ತಾಯಿ ಎದ್ದು ಅಡುಗೆಮನೆಗೆ ಹೋದರು, ಅಲ್ಲಿ ಏನೂ ಕೆಲಸವಿಲ್ಲದಿದ್ದರೂ. ನಾನು ಹೊರಟಾಗ ಓರಗಿತ್ತಿ ಮೆಟ್ಟಿಲವರೆಗೆ ಬಂದಳು. ಬೈಯುತ್ತಾಳೆಂದು ನಿಂತೆ. ಅವಳು ನನ್ನ ಛತ್ರಿ ಬಿಡಿಸಿ ಕೈಗೆ ಕೊಟ್ಟು, ಹಿಂದಿಯಲ್ಲಿಯೇ, ಇನ್ನು ದೇವರಿಗೆ ಏನಾದರೂ ಹೇಳುವ ಮೊದಲು ನನಗೊಂದು ಫೋನು ಮಾಡಿ ಅಕ್ಕಾ, ಎಂದಳು.

ಮನೆಗೆ ಬಂದು ಕಾಲು ತೊಳೆದು ದೇವರ ಮುಂದೆ ನಿಂತೆ. ಲೆಕ್ಕ ಹಾಕಿದೆ. ಹುಡುಗ ಬದುಕಿದ್ದಾನೆ, ಅದೊಂದು. ಹುಡುಗಿ ಬರುತ್ತಾಳೆ, ಅದೊಂದು. ಇನ್ನೂರ ಹನ್ನೊಂದು ದಿನದಲ್ಲಿ ಇವತ್ತಿನದು ಮುಗಿಯುತ್ತಾ ಬಂತು, ಅದೂ ಒಂದು. ಕೈ ಮುಗಿದೆ. "ಸ್ವಾಮಿ, ಇವರಿಬ್ಬರೂ ಹೀಗೇ ಚೆನ್ನಾಗಿದ್ದರೆ ನಾನು..." ಎಂಬವರೆಗೆ ಬಾಯಿ ತಾನಾಗಿಯೇ ಬಂದುಬಿಟ್ಟಿತ್ತು. ತಟ್ಟನೆ ಮುಚ್ಚಿಕೊಂಡೆ. ಎರಡೂ ಕೈ ಮುಗಿದೇ ಇತ್ತು, ತುಟಿ ಬಿಚ್ಚಲಿಲ್ಲ. ಪಟದ ಗಣಪತಿಯೂ ನನ್ನನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಬಚ್ಚಲಿನ ನಲ್ಲಿಯಲ್ಲಿ ಗಾಳಿ ಬುಸ್ಸೆಂದಿತು. ಐದೂವರೆ, ನೀರು ಬಿಡುವ ಹೊತ್ತು. ಸೆರಗು ಸಿಕ್ಕಿಸಿಕೊಂಡು, ಪೈಪು ಹಚ್ಚಿ, ಡ್ರಮ್ಮು ತುಂಬಿಸಲು ಹೋದೆ.